ಸಿಎನ್‌ಸಿ ರೂಟರ್ ಮೇಲೆ ಶೀಟ್ ಅಲುಗದಿರಲು: ವ್ಯಾಕ್ಯೂಮ್ ಟೇಬಲ್ಲೋ, ಸ್ಕ್ರೂವೋ?

ಸಿಎನ್‌ಸಿ ರೂಟರ್ ಎಂದರೆ ಕಂಪ್ಯೂಟರ್ ಹೇಳಿದ ದಾರಿಯಲ್ಲಿ ತಿರುಗುವ ಬಿಟ್ (ಕತ್ತರಿಸುವ ಮೊನೆ) ಓಡಿಸಿ ಶೀಟ್ ಕತ್ತರಿಸುವ ಯಂತ್ರ. ದಿನವಿಡೀ 8×4 ಅಡಿಯ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕತ್ತರಿಸುವವರಿಗೆ ವ್ಯಾಕ್ಯೂಮ್ ಟೇಬಲ್ಲೇ, ಅಂದರೆ ಕೆಳಗಿನಿಂದ ಗಾಳಿ ಎಳೆದು ಶೀಟ್ ಹಿಡಿದಿಡುವ ಮೇಜೇ, ಸರಿ. ಶೀಟ್ ಇಟ್ಟು ಪಂಪ್ ಹಾಕಿದರಾಯಿತು, ನಡುಭಾಗವೂ ಒತ್ತಿ ಕೂರುತ್ತದೆ. ಆದರೆ ಹಿಡಿತ ತುಂಡಿನ ವಿಸ್ತೀರ್ಣಕ್ಕೆ ತಕ್ಕಷ್ಟೇ. ಒತ್ತಡದ ವ್ಯತ್ಯಾಸ 0.5 ಬಾರ್ ಇದ್ದರೆ 10 ಸೆಂ.ಮೀ. ಚೌಕದ ಮೇಲೆ ಸುಮಾರು 50 ಕೆ.ಜಿ. ಬಲ ಬೀಳುತ್ತದೆ, 3 ಸೆಂ.ಮೀ. ಚೌಕದ ಮೇಲೆ 5 ಕೆ.ಜಿ.ಯೂ ಇಲ್ಲ. ಅಂಥದ್ದು ಬಿಟ್ ತಾಗಿದರೆ ಜಾರಿಬಿಡುತ್ತದೆ. ಹಾಗಾಗದಂತೆ ತಳದಲ್ಲಿ ಅರ್ಧ ಮಿ.ಮೀ. ಪದರ ಕತ್ತರಿಸದೆ ಉಳಿಸಿ, ಆಮೇಲೆ ಚಾಕುವಿನಿಂದ ಬಿಡಿಸಿಕೊಳ್ಳಿ.

ಸೊಟ್ಟಗಾದ ಪ್ಲೈವುಡ್ ಆದರೆ ಅಂಚಿನಿಂದ ಗಾಳಿ ನುಗ್ಗಿ ಪಂಪ್ ಸೋಲುತ್ತದೆ. ಅಲ್ಲಿ ಸ್ಕ್ರೂ ಗೆಲ್ಲುತ್ತದೆ: ಬಾಗಿದ್ದನ್ನೂ ಎಳೆದು ಕೂರಿಸುತ್ತದೆ, ಖರ್ಚೂ ಇಲ್ಲವೆನ್ನುವಷ್ಟು ಕಡಿಮೆ. ಬಿಟ್‌ನ ದಾರಿಗೆ ಸ್ಕ್ರೂ ಅಡ್ಡ ಬರದಂತೆ ಮಾತ್ರ ಮೊದಲೇ ಗುರುತು ಹಾಕಿಕೊಳ್ಳಬೇಕು. ವಾರಕ್ಕೆ ನಾಲ್ಕಾರು ಶೀಟ್ ಅಷ್ಟೇ ಇದ್ದರೆ ನನ್ನ ಆಯ್ಕೆ ಸ್ಕ್ರೂ; ಅಷ್ಟಕ್ಕೆ ಪಂಪಿನ ಗದ್ದಲ, ಕರೆಂಟ್ ಬಿಲ್ಲು ಯಾಕೆ? ತೂತು ಬೀಳಬಾರದ ಸಣ್ಣ ಅಕ್ರಿಲಿಕ್‌ಗೆ ಡಬಲ್ ಸೈಡ್ ಟೇಪ್ ಸಾಕು.