ಬಿಸಿನೀರಿನ ಲೋಟದ ಮೇಲೆ ಓಡುವ ಎಂಜಿನ್: ಮೂರು ವರ್ಷ ಬಳಸಿದ ಮೇಲೆ

ಬಿಸಿನೀರಿನ ಲೋಟದ ಮೇಲಿಟ್ಟು ಗಾಲಿಯನ್ನು ಬೆರಳಿಂದ ಒಮ್ಮೆ ತಳ್ಳಿದರೆ ಸಾಕು, ತಿರುಗುತ್ತಲೇ ಇರುತ್ತದೆ ಈ ಪುಟ್ಟ ಸ್ಟರ್ಲಿಂಗ್ ಎಂಜಿನ್ ಮಾದರಿ. ತರಿಸಿ ಮೂರು ವರ್ಷವಾಯಿತು, ಈಗಲೂ ವಾರಕ್ಕೊಮ್ಮೆಯಾದರೂ ಓಡಿಸುತ್ತೇನೆ. ಮೇಲೊಂದು ಕೆಳಗೊಂದು ಅಲ್ಯೂಮಿನಿಯಂ ತಟ್ಟೆ, ನಡುವೆ ಏರಿಳಿಯುವ ಹಗುರ ಫೋಮ್ ಬಿಲ್ಲೆ, ಪಕ್ಕದಲ್ಲಿ ಗಾಜಿನ ಸಿಲಿಂಡರಿನೊಳಗೆ ಗ್ರಾಫೈಟ್ ಪಿಸ್ಟನ್. ಬಿಲ್ಲೆಯು ಒಳಗಿನ ಗಾಳಿಯನ್ನು ಒಮ್ಮೆ ಬಿಸಿ ತಟ್ಟೆಯತ್ತ, ಒಮ್ಮೆ ತಣ್ಣನೆಯ ತಟ್ಟೆಯತ್ತ ದೂಡುತ್ತದೆ. ಗಾಳಿ ಹಿಗ್ಗಿದಾಗ ಪಿಸ್ಟನ್ ಏರುತ್ತದೆ, ಕುಗ್ಗಿದಾಗ ಇಳಿಯುತ್ತದೆ. ರಾಬರ್ಟ್ ಸ್ಟರ್ಲಿಂಗ್ 1816ರಲ್ಲಿ ಪೇಟೆಂಟ್ ಪಡೆದ ಎಂಜಿನ್ನಿನ ತತ್ವ ಇದೇ.

ಮೊದಮೊದಲು ನನ್ನ ಗಮನವೆಲ್ಲ ನೀರಿನ ಮೇಲೆಯೇ ಇತ್ತು. ಒಂದು ದಿನ ನೀರಿನ್ನೂ ಸುಡುತ್ತಿರುವಾಗಲೇ ಗಾಲಿ ತೆವಳತೊಡಗಿತು. ಮುಟ್ಟಿ ನೋಡಿದರೆ ಮೇಲಿನ ತಟ್ಟೆಯೂ ಬೆಚ್ಚಗಾಗಿತ್ತು. ಒದ್ದೆ ಬಟ್ಟೆ ಹಿಂಡಿ ತಟ್ಟೆಯ ಅಂಚಿಗೆ ಒತ್ತಿ ಹಿಡಿದೆ. ನೋಡುತ್ತಿದ್ದಂತೆ ಗಾಲಿ ವೇಗ ಹಿಡಿಯಿತು! ಶಾಖ ಒಳಗೆ ಬಂದರಷ್ಟೇ ಸಾಲದು, ಹೊರಗೆ ಹೋಗಲು ತಣ್ಣನೆಯ ಜಾಗವೂ ಬೇಕು. 1824ರಲ್ಲಿ ಫ್ರೆಂಚ್ ಎಂಜಿನಿಯರ್ ಸಾದಿ ಕಾರ್ನೋ ಹೇಳಿದ್ದ ಈ ಮಾತನ್ನು ಪರೀಕ್ಷೆಗಾಗಿ ಉರು ಹೊಡೆದಿದ್ದೆ. ಕೈಗೆ ತಾಗಿ ಅರ್ಥವಾದದ್ದು ಆವತ್ತು. ವಿದ್ಯುತ್ ಸ್ಥಾವರದ ಶಾಖವನ್ನು ಹೊರಹಾಕುವ ಕೂಲಿಂಗ್ ಟವರ್ ಕಂಡಾಗ ಈಗ ನನಗೆ ಆ ಒದ್ದೆ ಬಟ್ಟೆಯೇ ನೆನಪಾಗುತ್ತದೆ.

ಲೆಕ್ಕವೂ ಸುಲಭ. ನೀರು 95 ಡಿಗ್ರಿ, ಕೋಣೆ 25 ಡಿಗ್ರಿ ಎನ್ನಿ. 273 ಕೂಡಿಸಿದರೆ ಕೆಲ್ವಿನ್ ಮಾನದಲ್ಲಿ 368 ಮತ್ತು 298. ದಕ್ಷತೆಯ ಮಿತಿ, ಎಂದರೆ ಒಳಬಂದ ಶಾಖದಲ್ಲಿ ಹೆಚ್ಚೆಂದರೆ ಕೆಲಸವಾಗಿ ಬದಲಾಗಬಲ್ಲ ಪಾಲು, 1 − 298/368, ಅಂದರೆ ಶೇ 19. ನೀರು 50 ಡಿಗ್ರಿಗೆ ಆರಿದರೆ ಶೇ 8ರ ಆಸುಪಾಸು. ಅದೂ ಘರ್ಷಣೆಯೇ ಇಲ್ಲದ ಆದರ್ಶ ಎಂಜಿನ್ನಿಗೆ. ಈ ಮಾದರಿಗೆ ದಕ್ಕುವುದು ಅದರಲ್ಲಿ ಅತ್ಯಲ್ಪ. ಐಸ್ ತುಂಬಿದ ಲೋಟದ ಮೇಲಿಟ್ಟರೂ ಓಡುತ್ತದೆ, ಆದರೆ ಉಲ್ಟಾ ದಿಕ್ಕಿಗೆ: ಆಗ ಕೋಣೆಯ ಗಾಳಿಯೇ ಬಿಸಿ ಕಡೆ. ನನಗಂತೂ ಇದರಲ್ಲಿ ಅತಿ ಇಷ್ಟವಾದ ಆಟ ಇದು.

ಒಂದು ದೂರಿದೆ. ಪಿಸ್ಟನ್ನಿಗೆ ಎಣ್ಣೆ ಬಿಡಬಾರದೆಂದು ಜೊತೆಗೆ ಬಂದ ಚೀಟಿಯಲ್ಲಿ ಬರೆದೇ ಇರಲಿಲ್ಲ. ಎರಡನೇ ವರ್ಷ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟೆ, ಎಂಜಿನ್ ನಿಂತೇಹೋಯಿತು. ಇಷ್ಟು ಸಣ್ಣ ಬಲವನ್ನು ನುಂಗಿಹಾಕಲು ಎಣ್ಣೆಯ ಅಂಟೇ ಸಾಕು. ಗ್ರಾಫೈಟ್ ತಾನೇ ಜಾರುವ ವಸ್ತು, ಅದಕ್ಕೆ ಎಣ್ಣೆ ಬೇಕಿಲ್ಲ. ಸ್ಪಿರಿಟ್ಟಿನಲ್ಲಿ ಒರೆಸಿ ಒಣಗಿಸಿದ ಮೇಲೆ ಸರಿಹೋಯಿತು. ಧೂಳೂ ಆಗದು, ಡಬ್ಬಿಯಲ್ಲಿ ಮುಚ್ಚಿಡಿ.

ಮೊಬೈಲ್ ಚಾರ್ಜ್ ಮಾಡುವಷ್ಟು ಶಕ್ತಿ ಇದರಿಂದ ಸಿಗುವುದಿಲ್ಲ, ಆ ಆಸೆಯಿಂದ ಕೊಳ್ಳಬೇಡಿ. ಮನೆಯಲ್ಲಿ ಭೌತಶಾಸ್ತ್ರ ಓದುವ ಮಕ್ಕಳಿದ್ದರೆ ಖಂಡಿತ ತರಿಸಿ, ಒದ್ದೆ ಬಟ್ಟೆಯನ್ನು ಅವರ ಕೈಗೇ ಕೊಡಿ.