ಅಟೊರ್ವಾಸ್ಟಾಟಿನ್: ಪಾರ್ಶ್ವವಾಯುವಿನ ನಂತರ ನಾಲ್ಕು ವರ್ಷಗಳ ಬಳಕೆ

ಮಿದುಳಿನ ರಕ್ತನಾಳ ಕಟ್ಟಿಕೊಂಡು ಎಡಗೈ ಎಡಗಾಲು ಸ್ವಾಧೀನ ತಪ್ಪಿದ ಮರುದಿನವೇ ನನಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಂಪಿನ ಮಾತ್ರೆ ಅಟೊರ್ವಾಸ್ಟಾಟಿನ್ 80 ಮಿಲಿಗ್ರಾಂ ಶುರುವಾಯಿತು. ಈಗ ನಾಲ್ಕು ವರ್ಷ ತುಂಬಿದೆ. ಇಷ್ಟು ಕಾಲ ನುಂಗಿದ ಮೇಲೂ ಇದರ ಗುಣ ಒಂದು ದಿನವೂ ಮೈಗೆ ತಿಳಿದಿಲ್ಲ, ರಕ್ತ ಪರೀಕ್ಷೆಯ ವರದಿಯಲ್ಲಿ ಮಾತ್ರ ಕಂಡಿದ್ದೇನೆ. ಆರಂಭದಲ್ಲಿ 148 ಇದ್ದ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಆರು ವಾರಗಳಲ್ಲಿ 74ಕ್ಕೆ ಇಳಿಯಿತು. 70ರ ಒಳಗೆ ಬರಬೇಕೆಂದು ವೈದ್ಯರು ಕೊಲೆಸ್ಟ್ರಾಲ್ ಇಳಿಸುವ ಇನ್ನೊಂದು ಮಾತ್ರೆ ಎಜೆಟಿಮೈಬ್ 10 ಮಿಲಿಗ್ರಾಂ ಸೇರಿಸಿದರು, ಆಮೇಲೆ 58ರ ಆಸುಪಾಸಿನಲ್ಲೇ ನಿಂತಿದೆ.

ಮೊದಲ ತಿಂಗಳುಗಳಲ್ಲಿ ಈ ಮಾತ್ರೆಯಿಂದಲೇ ಕೈ ಮರಳಿ ಬರುತ್ತದೆಂದು ನಂಬಿದ್ದೆ. ಅದು ನನ್ನ ತಪ್ಪು ತಿಳಿವಳಿಕೆ. ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಾಗುವುದನ್ನು ತಗ್ಗಿಸಿ, ರಕ್ತನಾಳದ ಗೋಡೆಯ ಕೊಬ್ಬಿನ ಗಡ್ಡೆ ಒಡೆಯದಂತೆ ನೋಡಿಕೊಂಡು, ಇನ್ನೊಂದು ಆಘಾತವನ್ನು ತಪ್ಪಿಸುವುದಷ್ಟೇ ಇದರ ಕೆಲಸ. ಕೈಯನ್ನು ಪಳಗಿಸುವುದು ದಿನನಿತ್ಯದ ವ್ಯಾಯಾಮ. ಆ ತಪ್ಪಿಸುವಿಕೆಯೂ ಪೂರ್ಣವಲ್ಲ. 2006ರಲ್ಲಿ ಪ್ರಕಟವಾದ ಸ್ಪಾರ್ಕಲ್ ಅಧ್ಯಯನದಲ್ಲಿ ಸುಮಾರು ಐದು ವರ್ಷಗಳ ಅವಧಿಯಲ್ಲಿ ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರ ಪೈಕಿ ಶೇ. 13.1 ಮಂದಿಗೆ, ಇದೇ 80 ಮಿಲಿಗ್ರಾಂ ನುಂಗಿದವರ ಪೈಕಿ ಶೇ. 11.2 ಮಂದಿಗೆ ಮತ್ತೆ ಪಾರ್ಶ್ವವಾಯು ಬಡಿಯಿತು. ಮಿದುಳಿನ ರಕ್ತಸ್ರಾವ ಮಾತ್ರ ಅಸಲಿ ಮಾತ್ರೆ ನುಂಗಿದವರಲ್ಲೇ ತುಸು ಹೆಚ್ಚಿತ್ತು. ಅಂತರ ಸಣ್ಣದೆನಿಸಬಹುದು. ಒಮ್ಮೆ ಬಿದ್ದು ಎದ್ದವನಿಗೆ ಅದು ಸಣ್ಣದಲ್ಲ.

ಎರಡನೆಯ ವರ್ಷ ಬಲತೊಡೆಯಲ್ಲಿ ನೋವು ಕಾಣಿಸಿಕೊಂಡಿತು. ಸ್ಟಾಟಿನ್‌ನಿಂದ ಸ್ನಾಯು ನೋವು ಬರುತ್ತದೆಂದು ಕೇಳಿದ್ದ ನಾನು ಯಾರನ್ನೂ ಕೇಳದೆ ಐದು ವಾರ ಮಾತ್ರೆ ಬಿಟ್ಟೆ. ನೋವು ಇದ್ದಲ್ಲೇ ಇತ್ತು, ಎಲ್‌ಡಿಎಲ್ ಮಾತ್ರ 120 ದಾಟಿತ್ತು. ವೈದ್ಯರು ಬೈದು, ಸ್ನಾಯು ಹಾನಿಯನ್ನು ತೋರಿಸುವ ಸಿಕೆ ಎಂಬ ರಕ್ತ ಪರೀಕ್ಷೆ ಮಾಡಿಸಿ, ಅದು ಸರಿಯಾಗಿದೆಯೆಂದು ತೋರಿಸಿದ ನಂತರ ನನ್ನನ್ನು ನಡೆಸಿ ನೋಡಿದರು: ಎಡಗಾಲು ಎಳೆಯುವುದರಿಂದ ಮೈಯ ಭಾರವೆಲ್ಲ ಬಲಗಾಲಿನ ಮೇಲೆಯೇ ಬೀಳುತ್ತಿತ್ತು. 2020ರ ಸ್ಯಾಮ್ಸನ್ ಅಧ್ಯಯನದ ಬಗ್ಗೆ ಓದಿದ್ದು ಆಮೇಲೆ. ತೊಂದರೆಯೆಂದು ಸ್ಟಾಟಿನ್ ಬಿಟ್ಟವರಿಗೆ ಯಾವ ತಿಂಗಳು ಯಾವುದೆಂದು ಹೇಳದೆ ಅಸಲಿ ಮತ್ತು ಹುಸಿ ಮಾತ್ರೆ ಕೊಟ್ಟಾಗ, ಅವರು ಹೇಳಿದ ತೊಂದರೆಯ ಸುಮಾರು ಶೇ. 90ರಷ್ಟು ಹುಸಿ ಮಾತ್ರೆಯ ತಿಂಗಳಲ್ಲೂ ಇತ್ತು. ಹಾಗೆಂದು ಸ್ನಾಯುವಿಗೆ ನಿಜವಾದ ಹಾನಿ ಆಗುವುದೇ ಇಲ್ಲವೆಂದಲ್ಲ. ಅದು ಅಪರೂಪ, ಆದರೆ ತೀವ್ರ ನೋವಿನ ಜೊತೆ ಮೂತ್ರದ ಬಣ್ಣ ಗಾಢವಾದರೆ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು.

ನನ್ನ ದೂರು ಬೇರೆಯದು. ಕೆಮ್ಮಿಗೆಂದು ಹೋದಾಗ ಒಬ್ಬ ವೈದ್ಯರು ನನ್ನ ಔಷಧಗಳ ಪಟ್ಟಿ ನೋಡದೆಯೇ ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ಬರೆದುಕೊಟ್ಟರು. ಅದು ಅಟೊರ್ವಾಸ್ಟಾಟಿನ್ ದೇಹದಲ್ಲಿ ವಿಭಜನೆಯಾಗುವುದನ್ನು ತಡೆದು ರಕ್ತದಲ್ಲಿ ಅದರ ಪ್ರಮಾಣವನ್ನು ಏರಿಸುತ್ತದೆ. ಔಷಧ ಅಂಗಡಿಯವರು ಗಮನಿಸಿದ್ದರಿಂದ ಬಚಾವಾದೆ. ಉಪವಾಸದ ಸಕ್ಕರೆ 96ರಿಂದ 105ಕ್ಕೆ ಏರಿದೆ. ಸ್ಟಾಟಿನ್‌ನಿಂದ ಸ್ವಲ್ಪ ಏರುವುದುಂಟು, ಕಣ್ಣಿಟ್ಟಿದ್ದೇನೆ.

ಹೊತ್ತಿನ ಕಟ್ಟುಪಾಡಿಲ್ಲದಿರುವುದು ದೊಡ್ಡ ಅನುಕೂಲ. ಕೆಲವು ಹಳೆಯ ಸ್ಟಾಟಿನ್‌ಗಳಂತೆ ಇದನ್ನು ರಾತ್ರಿಯೇ ನುಂಗಬೇಕೆಂದಿಲ್ಲ. ಪೊಟ್ಟಣವನ್ನು ಮಾತ್ರ ಎರಡು ಕೈ ನೆಟ್ಟಗಿರುವವರಿಗೆಂದೇ ಮಾಡಿದ್ದಾರೆ. ಮೊದಮೊದಲು ಪಟ್ಟಿಯನ್ನು ಮೇಜಿನ ಅಂಚಿಗೊತ್ತಿ ಬಲಹೆಬ್ಬೆರಳಿನಿಂದ ತಳ್ಳಿದರೆ ಮಾತ್ರೆ ಸಿಡಿದು ಮಂಚದಡಿ ಸೇರುತ್ತಿತ್ತು. ಹತ್ತನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಎಡಗೈ ಪಟ್ಟಿಯನ್ನು ಅಲುಗದಂತೆ ಹಿಡಿದುಕೊಂಡಿತು. ಎಡಹೆಬ್ಬೆರಳಿನಿಂದಲೇ ತಳ್ಳಲು ಇನ್ನೂ ಒಂದು ವರ್ಷ ಬೇಕಾಯಿತು, ಈಗಲೂ ನಾಲ್ಕರಲ್ಲಿ ಒಂದು ಕೆಳಗೆ ಬೀಳುತ್ತದೆ.