ಅಪ್ಪಯ್ಯನ 1975ರ ಯೆಜ್ಡಿ: ಇಪ್ಪತ್ತೇಳು ವರ್ಷ ಓಡಿಸಿದ ಮೇಲೆ

ಇದು ಶೋರೂಮಿನಿಂದ ತಂದು ಮೂರು ವಾರ ಓಡಿಸಿ ಬರೆದದ್ದಲ್ಲ. ಗಾಡಿ 1975ರ ಯೆಜ್ಡಿ ಬೈಕು. ಅಪ್ಪಯ್ಯ ಅದನ್ನು 1984ರಲ್ಲಿ ಅಡಿಕೆ ಮಾರಿದ ದುಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡರು. 1999ರಿಂದ ನನ್ನ ಕೈಯಲ್ಲಿದೆ. ದಿನಾ ನಮ್ಮ ಹಳ್ಳಿಯಿಂದ ಶಿರಸಿ ಪೇಟೆಗೆ ಹನ್ನೊಂದು ಕಿಲೋಮೀಟರ್. ತಿಂಗಳಿಗೊಮ್ಮೆ ಘಟ್ಟ ಇಳಿದು ಕುಮಟಾದಲ್ಲಿರುವ ಅಕ್ಕನ ಮನೆಗೆ. ಸ್ಪೀಡೋಮೀಟರ್ ನಿಂತು ಯಾವ ಕಾಲವಾಯಿತೋ, ಹಾಗಾಗಿ ಎಷ್ಟು ಓಡಿದೆ ಅಂತ ಮಾತ್ರ ಕೇಳಬೇಡಿ.

ಬಂಕಿನಲ್ಲಿ ನಿಂತರೆ ಸಾಕು, ಯಾರಾದರೂ ಹುಡುಗ ಹತ್ತಿರ ಬಂದು ಟ್ಯಾಂಕ್ ಸವರಿ, "ನಾನೂ ಒಂದು ಹಳೇ ಯೆಜ್ಡಿ ತಗೊಳ್ಳೋಣ ಅಂತಿದ್ದೇನೆ, ಹೇಗೆ?" ಎನ್ನುತ್ತಾನೆ. ಪೆಟ್ರೋಲ್ ತುಂಬುವಷ್ಟರಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಕೇಳಿದರೆ ಪರದೇಶದ್ದು ಅನಿಸುತ್ತದೆ, ಅಲ್ವಾ? ಗಾಡಿ ಮಾತ್ರ ನಮ್ಮ ಮೈಸೂರಿನದು, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯದು. ಜೆಕ್ ದೇಶದ ಜಾವಾ ಕಂಪನಿಯ ಪರವಾನಗಿ ಪಡೆದು 1961ರಲ್ಲಿ ಅಲ್ಲಿ ಜಾವಾ ತಯಾರಿ ಶುರುವಾಯಿತು. 1973ರಿಂದ ಟ್ಯಾಂಕಿನ ಮೇಲೆ ಯೆಜ್ಡಿ ಅಂತ ಬಂತು. ಕಾರ್ಖಾನೆ ಕಟ್ಟಿದ್ದು ಇರಾನಿ ಎಂಬ ಪಾರ್ಸಿ ಮನೆತನ, ಅವರ ಮೂಲದ ಕಡೆಯ, ಇರಾನ್ ದೇಶದ ಯಾಜ್ದ್ ಊರಿನಿಂದ ಬಂದ ಹೆಸರು ಅದು ಅನ್ನುತ್ತಾರೆ. 1996ಕ್ಕೆ ಕಾರ್ಖಾನೆಗೆ ಬಾಗಿಲು ಬಿತ್ತು. ಅಂದರೆ ತೀರಾ ಈಚಿನ ಹಳೇ ಯೆಜ್ಡಿಗೂ ಈಗ ಮೂವತ್ತು ವರ್ಷ. "ಒಳ್ಳೇ ಕಂಡೀಷನ್, ಒಬ್ಬರೇ ಓನರ್" ಅಂತ ಯಾರಾದರೂ ಮಾರಲು ಬಂದರೆ ಈ ಲೆಕ್ಕ ನೆನಪಿಟ್ಟುಕೊಳ್ಳಿ.

ಈ ಗಾಡಿಯ ಮಜಾ ಇರುವುದು ಎಡಗಾಲಿನ ಹತ್ತಿರ. ಕಿಕ್ಕರೂ ಅದೇ, ಗೇರ್ ಲಿವರೂ ಅದೇ. ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಒದ್ದು ಸ್ಟಾರ್ಟ್ ಆದ ಮೇಲೆ ಮತ್ತೆ ಮಲಗಿಸಿದರೆ ಗೇರ್. ಹೊಸಬರು ಇದನ್ನು ಮಲಗಿಸಲು ಮರೆತು ಗೇರ್ ಹುಡುಕುತ್ತಾ ಕಾಲು ಆಡಿಸುವುದನ್ನು ನೋಡಬೇಕು. ಇನ್ನೊಂದು ವಿಶೇಷ, ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನಾಗಿಯೇ ಬಿಡುತ್ತದೆ. ಕೈಯಲ್ಲಿ ಕ್ಲಚ್ ಹಿಡಿಯದೆಯೂ ಗೇರ್ ಬದಲಿಸಬಹುದು. ಮಳೆಗಾಲದಲ್ಲಿ ಅಪ್ಪಯ್ಯ ಎಡಗೈಯಲ್ಲಿ ಕೊಡೆ ಹಿಡಿದು, ಬಲಗೈಯಲ್ಲಿ ಎಕ್ಸಿಲೇಟರ್ ಹಿಡಿದು ಡೇರಿಗೆ ಹಾಲು ಒಯ್ಯುತ್ತಿದ್ದರು. ನೀವು ಮಾಡಬೇಡಿ. ಆದರೆ ಆ ಕಾಲದಲ್ಲಿ ನಮ್ಮ ಕಡೆಯ ರಸ್ತೆಯಲ್ಲಿ ಎದುರಿಗೆ ಬರುತ್ತಿದ್ದದ್ದು ಎರಡು ಬಸ್ಸು, ಒಂದಿಷ್ಟು ದನ.

ಈ ಕ್ಲಚ್ಚಿನ ಬೆಲೆ ನನಗೆ ತಿಳಿದದ್ದು ದೇವಿಮನೆ ಘಟ್ಟದಲ್ಲಿ. ಕುಮಟಾದಿಂದ ವಾಪಸ್ ಬರುತ್ತಿದ್ದೆ. ಕತಗಾಲ ದಾಟಿ ಏರು ಶುರುವಾದ ಮೇಲೆ ಒಂದು ತಿರುವಿನಲ್ಲಿ ಟಪ್ ಅಂದಿತು. ಕ್ಲಚ್ ಲಿವರ್ ಸತ್ತ ಹಾವಿನಂತೆ ಜೋತುಬಿತ್ತು. ಕೇಬಲ್ ತುಂಡು. ಅದು ಹಾಕಿಸಿ ಇಪ್ಪತ್ತು ದಿನ ಆಗಿತ್ತಷ್ಟೆ. ದೂರದ ಊರಿನ ಒಂದು ಅಂಗಡಿಯವರು ಒರಿಜಿನಲ್ ಅಂತ ಆಣೆ ಹಾಕಿ ಕೊಟ್ಟ ಮಾಲು. ಬೇರೆ ಬೈಕಾಗಿದ್ದರೆ ಮೀನಿನ ಲಾರಿಗೆ ಕೈ ಮಾಡಬೇಕಿತ್ತು. ಇಲ್ಲಿ ಹಾಗಲ್ಲ. ಲಿವರನ್ನು ಕಾಲಿನಿಂದ ಮೊದಲ ಗೇರಿಗೆ ಒತ್ತಿ ಹಿಡಿದೆ, ಎಕ್ಸಿಲೇಟರ್ ಕೊಡುತ್ತಾ ಕಾಲನ್ನು ನಿಧಾನಕ್ಕೆ ಸಡಿಲಿಸಿದೆ, ಗಾಡಿ ಹೊರಟಿತು. ದೇವಿಮನೆಯಲ್ಲಿ ನಿಲ್ಲಿಸಿ ದೇವಿಗೆ ಕೈ ಮುಗಿದು, ರಾಗಿಹೊಸಳ್ಳಿಯಲ್ಲಿ ಚಾ ಕುಡಿದು, ಹಾಗೆಯೇ ಮನೆಗೆ ಬಂದೆ. ಅವತ್ತಿನಿಂದ ಈ ಗಾಡಿಯ ಮೇಲೆ ನನಗೆ ಸ್ವಲ್ಪ ಪಕ್ಷಪಾತ. ಈ ವಿಮರ್ಶೆಯನ್ನು ಅದನ್ನು ಕಳೆದು ಓದಿ.

ಏರುವಾಗ ಇಲ್ಲದ ಹೆದರಿಕೆ ಇಳಿಯುವಾಗ ಇದೆ. ಟೂ ಸ್ಟ್ರೋಕ್ ಆದ್ದರಿಂದ ಇಂಜಿನ್ ಗಾಡಿಯನ್ನು ಹಿಡಿದು ನಿಲ್ಲಿಸುವುದು ಕಡಿಮೆ. ಎರಡೂ ಕಡೆ ಡ್ರಮ್ ಬ್ರೇಕು. ಮಳೆ ಬಂದರಂತೂ ಬ್ರೇಕ್ ಒತ್ತಿ ದೇವರ ಹೆಸರು ಹೇಳುವುದೇ. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಇದಕ್ಕೆ ಆಯಿಲ್ ಹೋಗುವುದು ಪೆಟ್ರೋಲಿನ ಜೊತೆಗೇ. ನಾನು ಲೀಟರಿಗೆ 40 ಮಿಲಿ ಹಾಕುತ್ತೇನೆ. ಎಕ್ಸಿಲೇಟರ್ ಪೂರ್ತಿ ಬಿಟ್ಟು ಮೈಲುಗಟ್ಟಲೆ ಇಳಿದರೆ ಪೆಟ್ರೋಲ್ ಹೋಗುವುದು ತೀರಾ ಕಡಿಮೆ, ಆಯಿಲೂ ಅಷ್ಟೇ, ಆದರೆ ಪಿಸ್ಟನ್ ಓಡುತ್ತಲೇ ಇರುತ್ತದೆ. ಬಿಸಿಯಾಗಿ ಕಚ್ಚಿಕೊಳ್ಳುತ್ತದೆ. ನಮ್ಮ ಗ್ಯಾರೇಜಿನ ಸಾಯಬರು ಮೊದಲ ದಿನವೇ ಹೇಳಿದ್ದರು, "ಹೆಗಡೇರೆ, ಇಳಿಜಾರಿನಲ್ಲಿ ಎರಡು ಮೂರು ತಿರುವಿಗೊಮ್ಮೆ ಕ್ಲಚ್ ಹಿಡಿದು ಒಂದು ಸಲ ಎಕ್ಸಿಲೇಟರ್ ಕೊಡಿ. ಅದೂ ಉಸಿರಾಡಬೇಕಲ್ಲ." ಇಂದಿಗೂ ಘಟ್ಟ ಇಳಿಯುವಾಗ ನನ್ನ ಗಾಡಿ ಆಗಾಗ ಕೆಮ್ಮುತ್ತದೆ. ಹಿಂದೆ ಬರುವವರು ಏನೋ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಹೆಡ್‌ಲೈಟಿನ ಬಗ್ಗೆ ಒಂದೇ ಸಾಲು: 6 ವೋಲ್ಟಿನದು, ಮಿಂಚುಹುಳ ಎದುರಾದರೆ ಅದಕ್ಕೇ ದಾರಿ ಬಿಡಬೇಕು. ಮೈಲೇಜು ನನಗೆ ಊರಲ್ಲಿ 28ರ ಸುತ್ತಮುತ್ತ, ಘಟ್ಟದಲ್ಲಿ 25.

ಹೊಗೆ? ಇದೆ. ಒಮ್ಮೆ ಪಕ್ಕದ ಮನೆ ಮಾವ ನಗುತ್ತಾ ಹೇಳಿದ್ದರು, "ತಮಾ, ನಿನ್ನ ಗಾಡಿ ಬಂದು ಹೋದ್ರೆ ಮೂರು ದಿನ ಸೊಳ್ಳೆ ಇರ್ತಿಲ್ಲೆ." ಹೊಗೆಯ ಜೊತೆ ಬರುವ ಕರಿ ಎರಡೂ ಸೈಲೆನ್ಸರಿನ ಒಳಗಿನ ಕೊಳವೆಯಲ್ಲಿ ಕಟ್ಟಿಕೊಳ್ಳುತ್ತದೆ. ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು, ಅದು ಯೆಜ್ಡಿಯ ಗುರುತು. ಕರಿ ಕಟ್ಟಿದರೆ ಗಾಡಿ ಎಳೆಯುವುದಿಲ್ಲ, ಏದುಸಿರು ಬಿಡುತ್ತದೆ. ಅಪ್ಪಯ್ಯನ ಉಪಾಯ ಹೀಗಿತ್ತು. ಅಡಿಕೆ ಬೇಯಿಸುವ ಕಾಲಕ್ಕೆ ಅಂಗಳದ ದೊಡ್ಡ ಒಲೆ ರಾತ್ರಿಯಿಡೀ ಉರಿಯುತ್ತದಲ್ಲ, ಕೊನೆಯ ಹಂಡೆ ಇಳಿಸಿದ ಮೇಲೆ ಆ ಕೆಂಡದಲ್ಲಿ ಕೊಳವೆಗಳನ್ನು ಹೂತು ಮಲಗುತ್ತಿದ್ದರು. ಬೆಳಿಗ್ಗೆ ತೆಗೆದು ಕಲ್ಲಿಗೆ ಎರಡು ಸಲ ಬಡಿದರೆ ಕರಿಯೆಲ್ಲ ಹಪ್ಪಳದಂತೆ ಉದುರುತ್ತಿತ್ತು. ನಾನೂ ಅದನ್ನೇ ಮಾಡುತ್ತೇನೆ. ಚೊಗರಿನ (ಅಡಿಕೆ ಬೇಯಿಸಿದ ಕೆಂಪು ನೀರಿನ) ವಾಸನೆ, ಸುಟ್ಟ ಆಯಿಲಿನ ವಾಸನೆ ಎರಡೂ ಸೇರಿದರೆ ನಮ್ಮ ಮನೆಯಲ್ಲಿ ಸುಗ್ಗಿ ಬಂತು ಅಂತಲೇ ಲೆಕ್ಕ.

ಕರಾವಳಿಯವರಿಗೆ ಒಂದು ಎಚ್ಚರಿಕೆ. ಒಂದು ಬೇಸಿಗೆಯಲ್ಲಿ ಎರಡು ತಿಂಗಳು ಗಾಡಿಯನ್ನು ಅಕ್ಕನ ಮನೆಯಲ್ಲಿ ಬಿಟ್ಟಿದ್ದೆ. ತಪ್ಪು ನನ್ನದೇ, ಒರೆಸಿ ಎಣ್ಣೆ ಹಚ್ಚಿ ಇಡಬೇಕಿತ್ತು. ಹಿಂದೆ ಪಡೆಯುವಾಗ ರಿಮ್ಮಿನ ಕ್ರೋಮಿನ ಮೇಲೆ ಸಾಸಿವೆ ಚೆಲ್ಲಿದಂತೆ ತುಕ್ಕಿನ ಚುಕ್ಕೆ. ಶಿರಸಿಯ ಮಳೆ ಇಪ್ಪತ್ತು ವರ್ಷದಲ್ಲಿ ಮಾಡದ್ದನ್ನು ಕಡಲ ಗಾಳಿ ಎರಡು ತಿಂಗಳಲ್ಲಿ ಮಾಡಿತ್ತು. ಇನ್ನೊಂದು, ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಜಾಸ್ತಿ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ, ಹಳೇ ರಬ್ಬರನ್ನು ಹಾಳು ಮಾಡುತ್ತದೆ. ಹತ್ತು ದಿನ ನಿಲ್ಲಿಸುವುದಾದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಕಾರ್ಬೊರೇಟರಿನಲ್ಲಿರುವುದು ಖಾಲಿಯಾಗುವವರೆಗೆ ಓಡಿಸಿ ಆಮೇಲೆ ನಿಲ್ಲಿಸಿ.

ಇನ್ನು ರಿಪೇರಿ. ಪಾಯಿಂಟ್ ಗ್ಯಾಪ್, ಅಂದರೆ ಪ್ಲಗ್ಗಿಗೆ ಕಿಡಿ ಹೊತ್ತಿಸುವ ಎರಡು ಸಣ್ಣ ತುದಿಗಳ ನಡುವಿನ ಸಂದು, ಅದನ್ನು ಸರಿ ಮಾಡುವುದನ್ನು ನೀವೇ ಕಲಿಯಲೇಬೇಕು. ಸಾಯಬರು ಒಂದು ಮದುವೆ ಕರೆಯೋಲೆಯ ತುಂಡನ್ನು ಅಳತೆಗೆ ಇಟ್ಟುಕೊಂಡಿದ್ದಾರೆ. ಅದನ್ನು ಪಾಯಿಂಟಿನ ಮಧ್ಯೆ ತೂರಿಸಿ, ಕಣ್ಣು ಮುಚ್ಚಿ ಎಳೆದು ನೋಡುತ್ತಾರೆ. ಬಿಗಿ ಸಾಲದಿದ್ದರೆ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಅವರಿಗೆ ಎಪ್ಪತ್ತು ದಾಟಿದೆ. ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಈ ಗಾಡಿಯ ನಿಜವಾದ ಸಮಸ್ಯೆ ಇದೇ. ಬಿಡಿಭಾಗ ಹೇಗಾದರೂ ಸಿಗುತ್ತದೆ, ಕೈ ಸಿಗುವುದಿಲ್ಲ.

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ. ಅವತ್ತು ಬೇರೆ ಬೇರೆ ಊರುಗಳಲ್ಲಿ ಗಾಡಿಯವರು ಸೇರುತ್ತಾರೆ. ಈ ದಿನ ಗೊತ್ತು ಮಾಡಿದವರು ಮಲೆನಾಡಿನವರಲ್ಲ ಅನ್ನುವುದು ಖಂಡಿತ. ನಾವು ಶಿರಸಿ, ಸಿದ್ದಾಪುರ, ಕುಮಟಾದ ಏಳೆಂಟು ಜನ ಧೋ ಎನ್ನುವ ಮಳೆಯಲ್ಲಿ, ಪ್ಲಗ್ಗಿಗೆ ಹಳೇ ಟ್ಯೂಬಿನ ತುಂಡು ಸುತ್ತಿಕೊಂಡು ಬನವಾಸಿಗೋ ದೇವಿಮನೆಗೋ ಹೋಗುತ್ತೇವೆ. ಬಿಸಿ ಭಜಿ ತಿನ್ನುತ್ತೇವೆ. ಒಬ್ಬರ ಗಾಡಿಯಾದರೂ ನಿಂತೇ ನಿಲ್ಲುತ್ತದೆ, ಉಳಿದವರು ಸುತ್ತ ನಿಂತು ಸಲಹೆ ಕೊಡುತ್ತಾರೆ. ನಿಜ ಹೇಳಬೇಕೆಂದರೆ ಅದೇ ಆ ದಿನದ ಮುಖ್ಯ ಕಾರ್ಯಕ್ರಮ. 2022ರಲ್ಲಿ ಹೊಸ ಯೆಜ್ಡಿ ಬಂದ ಮೇಲೆ ಅದನ್ನು ಕೊಂಡ ಹುಡುಗರೂ ಬರುತ್ತಾರೆ. ಅದು ಫೋರ್ ಸ್ಟ್ರೋಕ್, ರೇಡಿಯೇಟರ್ ಇರುವ ಗಾಡಿ, ಬಟನ್ ಒತ್ತಿದರೆ ಸ್ಟಾರ್ಟ್. ಹಿಂದಿನ ವರ್ಷ ಅವರಲ್ಲೊಬ್ಬ ನನ್ನ ಗಾಡಿಯನ್ನು ಕಿಕ್ ಮಾಡಿ ನೋಡುತ್ತೇನೆ ಅಂದ. ನಾಲ್ಕನೇ ಒದೆತಕ್ಕೆ ಶುರುವಾಯಿತು. ಅವನು ಇಳಿಯಲೇ ಇಲ್ಲ, ಹತ್ತು ನಿಮಿಷ ಸುಮ್ನೆ ಆ ಪಟಪಟ ಸದ್ದು ಕೇಳುತ್ತಾ ಕೂತ.

ನಮ್ಮ ಗುಂಪಿನಲ್ಲಿ ಎರಡು ಜಾತಿ. ಒಬ್ಬರು ಗಾಡಿಯನ್ನು ಕನ್ನಡಿಯಂತೆ ಹೊಳೆಯಿಸಿ ಕೋಣೆಯಲ್ಲಿ ಇಡುವವರು, ಇನ್ನೊಬ್ಬರು ಹಾಲಿನ ಕ್ಯಾನ್ ಕಟ್ಟಿ ಓಡಿಸುವವರು. ಹೋದ ವರ್ಷ ನನಗೂ ಇದರಲ್ಲಿ ಒಂದನ್ನು ಆರಿಸಬೇಕಾಗಿ ಬಂತು. ನವೆಂಬರಿಗೆ ಗಾಡಿ ನೋಂದಣಿಯಾಗಿ 50 ವರ್ಷ ತುಂಬಿತು, ಐದು ವರ್ಷಕ್ಕೊಮ್ಮೆ ಮಾಡುವ ನವೀಕರಣವೂ ಆಗಲೇ ಬಂತು. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ಶುಲ್ಕ 20,000 ರೂಪಾಯಿ. ಗೆಳೆಯರೆಲ್ಲ "ಮಾಡಿಸಿ, ಗೌರವ" ಅಂದರು. ಗೌರವ ಸರಿ. ಆದರೆ ವಿಂಟೇಜ್ ಆದ ಮೇಲೆ ಅದನ್ನು ದಿನಬಳಕೆಗೆ ರಸ್ತೆಗೆ ಇಳಿಸುವ ಹಾಗಿಲ್ಲ. ಪ್ರದರ್ಶನಕ್ಕೆ, ರ್‍ಯಾಲಿಗೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಮಾತ್ರ. ಡೇರಿಗೆ ಹಾಲು ಒಯ್ಯುವುದು ಪ್ರದರ್ಶನ ಅಂತ ನಾನು ವಾದಿಸಬಹುದಿತ್ತು, ಯಾರೂ ಒಪ್ಪುತ್ತಿರಲಿಲ್ಲ. ಇತ್ತ ಮಾಮೂಲಿ ನವೀಕರಣದ ಶುಲ್ಕ 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ದ್ವಿಚಕ್ರಗಳಿಗೆ 2,000 ರೂಪಾಯಿ ಆಗಿದೆ, ಹಸಿರು ತೆರಿಗೆ ಬೇರೆ. ಅಪ್ಪಯ್ಯನನ್ನು ಕೇಳಿದೆ. ಅವರಿಗೀಗ ಎಂಬತ್ತಾರು. "ಓಡ್ಸದೇ ಇಟ್ರೆ ಅದು ಗಾಡಿ ಎಂತಕ್ಕೋ?" ಅಂದರು.

2,000 ಕಟ್ಟಿದೆ. ಶಿರಸಿ ಆರ್‌ಟಿಓದ ಕೆಎ-31 ಬರುವುದಕ್ಕೂ ಮೊದಲಿನ ಆ ಮೂರಕ್ಷರದ ಹಳೇ ನಂಬರ್ ಪ್ಲೇಟೇ ಮುಂದುವರಿದಿದೆ.

ಹಾಗಾದರೆ ನೀವು ತಗೊಳ್ಳಬಹುದಾ? ನೂಕಿಕೊಂಡು ಹೋಗುವಷ್ಟು ದೂರದಲ್ಲಿ ಯೆಜ್ಡಿ ಗೊತ್ತಿರುವ ಮೇಸ್ತ್ರಿ ಇದ್ದರೆ ತಗೊಳ್ಳಿ. ಇಲ್ಲದಿದ್ದರೆ ಹೊಸದನ್ನೇ ಕೊಳ್ಳಿ, ಮಳೆಗಾಲದಲ್ಲಿ ನನ್ನನ್ನು ನೆನೆಸಿಕೊಳ್ಳುತ್ತೀರಿ. ತಗೊಂಡರೆ ಮೊದಲ ವಾರವೇ ಒಂದು ಕೆಲಸ ಮಾಡಿ. ಹೊಸ ಕ್ಲಚ್ ಕೇಬಲ್ ಒಂದನ್ನು ತಂದು, ಎಣ್ಣೆ ಬಿಟ್ಟು, ಈಗಿರುವ ಕೇಬಲ್ಲಿನ ಪಕ್ಕದಲ್ಲೇ ಟೇಪ್ ಸುತ್ತಿ ಕಟ್ಟಿಡಿ. ಕತ್ತಲಲ್ಲಿ, ಘಟ್ಟದಲ್ಲಿ, ಆ 6 ವೋಲ್ಟಿನ ಬೆಳಕಿನಲ್ಲಿ ಅದನ್ನು ಹುಡುಕಿಕೊಂಡು ಕೂರುವುದು ಬೇಡ.